ಪಾವು ಹಾಸಿದ ಬೀದಿ

ಕೊಯಮತ್ತೂರಿನ ಮೊದಲ ಬೆಳಗ್ಗೆ ನೀರಿಗೆಂದು ಬಾಗಿಲು ತೆಗೆದರೆ ಎದುರಿಗೆ ಬೀದಿಯೇ ಕಾಣಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಸೊಂಟದೆತ್ತರಕ್ಕೆ ಬರೀ ನೂಲು! ಬಗ್ಗಿ ಅದರಡಿ ನುಸುಳಬೇಕೆನ್ನುವಷ್ಟರಲ್ಲಿ ಮನೆಯೊಡತಿ ಚೌಡಮ್ಮ ಕೂಗಿಕೊಂಡರು.

"ಅಯ್ಯಯ್ಯೋ, ನುಸುಳ್‌ಬ್ಯಾಡಿ ತಾಯೀ! ಪಾವು ಹಾಸವ್ರೆ. ರಾಜನೇ ಬಂದ್ರೂ ಸುತ್ತಿಕೊಂಡೇ ಹೋಗ್ಬೇಕು."

ನಾವು ಹಾಸು ಎನ್ನುವ ಮಗ್ಗದ ಉದ್ದೆಳೆಗೆ ಇಲ್ಲಿ ಪಾವು ಎನ್ನುತ್ತಾರೆ. ಗಂಜಿ ಹಚ್ಚಿ ಬೀದಿಯಲ್ಲಿ ಎಳೆದು ಕಟ್ಟಿ, ಬಿಸಿಲೇರುವ ಮುಂಚೆ ಉದ್ದನೆಯ ಕುಂಚದಿಂದ ತೀಡಬೇಕು. ಆಚೆಗೊಬ್ಬ, ಈಚೆಗೊಬ್ಬ ಒಂದೇ ಕುಂಚದ ಎರಡು ತುದಿ ಹಿಡಿದು ಹೆಜ್ಜೆ ಕೂಡಿಸಿ ನಡೆಯುತ್ತಾರೆ. ನಮ್ಮ ಮೈಸೂರಿನಲ್ಲಿ ಬೀದಿ ನಡೆಯುವುದಕ್ಕೆ. ಇಲ್ಲಿ ಅದು ಅನ್ನದ ತಟ್ಟೆ.

ಪೋತ್ತನೂರಿನ ರೈಲ್ವೆ ಕಾರ್ಖಾನೆಯಲ್ಲಿ ನನ್ನವರಿಗೆ ಕೆಲಸ ಸಿಕ್ಕಿದ್ದರಿಂದ ನಾವು ಈ ನೇಕಾರರ ಬೀದಿಗೆ ಬಂದೆವು. ನನ್ನ ತಮಿಳು ಕೇಳಿ ತರಕಾರಿಯವಳೂ ನಗುತ್ತಿದ್ದಳು. ತಲೆಮಾರುಗಳ ಹಿಂದೆ ಇಲ್ಲಿ ಬಂದು ನೆಲೆಸಿದ ಈ ನೇಕಾರರ ಕನ್ನಡವೇ ನನಗೆ ತೌರಾಯಿತು, ಅರ್ಧ ತಮಿಳಾದರೂ.

ಮಿಲ್ಲಿನ ಮುಷ್ಕರದ ದಿನಗಳವು. ಒಂದು ಮಧ್ಯಾಹ್ನ ಪೊಲೀಸರು ಅಟ್ಟಿದ ಮೆರವಣಿಗೆ ನಮ್ಮ ಬೀದಿಗೇ ನುಗ್ಗಿತು. ಚೌಡಮ್ಮನ ಮಗ ರಂಗ, ಹದಿನೆಂಟರ ಹುಡುಗ, ಜಗಲಿಯಲ್ಲಿದ್ದ. ಅವನ ಕಣ್ಣೆದುರೇ, ಮಿಲ್ಲಿನಲ್ಲಿದ್ದ ಚಿಕ್ಕಪ್ಪನ ತಲೆ ಲಾಠಿಗೆ ಒಡೆಯಿತು. ಚಿಕ್ಕಪ್ಪ ಉಳಿದುಕೊಂಡರು. ಹೊಸಿಲು ದಾಟುವುದನ್ನು ಬಿಟ್ಟವನು ರಂಗ. ಲಾಳಿ ಟಕ್ಕೆಂದರೆ ಬೆಚ್ಚಿಬೀಳುತ್ತಿದ್ದ. ಮಗ್ಗ ನಿಂತಿತು. ತಾಯತ ಕಟ್ಟಿಸಿದ್ದಾಯಿತು. ಗಂಡನಿಲ್ಲದ ಚೌಡಮ್ಮ, "ಮಗ ಅವ್ನೆ, ಆದ್ರೂ ಇಲ್ಲ" ಎಂದು ನನ್ನೆದುರು ಅತ್ತರು.

ಅವನ ಗೆಳೆಯರೂ ಅಂದು ಎಲ್ಲವನ್ನೂ ಕಂಡವರೇ. ಸಂಜೆ ನಮ್ಮ ಜಗಲಿಗೆ ಬಂದು ಕೂತು, ಯಾರು ಮೊದಲು ಓಡಿದ, ಯಾರು ಹುಲ್ಲಿನ ಬಣವೆಯೊಳಗೆ ತಲೆ ತೂರಿಸಿದ ಎಂದು ನಗುತ್ತಿದ್ದರು. ಎಂಥ ಕಲ್ಲೆದೆಯವರಪ್ಪ ಅನ್ನಿಸಿತ್ತು. ಆಮೇಲೆ ತಿಳಿಯಿತು: ಒಬ್ಬನೇ ಹೊರಲಾರದ್ದನ್ನು ಹೀಗೆ ಹಂಚಿಕೊಳ್ಳುತ್ತಿದ್ದರು.

ಒಂದು ನಸುಕಿನಲ್ಲಿ ಅವರೇ ರಂಗನ ಮನೆಯೆದುರು ಪಾವು ಹಾಸಿದರು. ಕಾಳಿಯಪ್ಪ ಎಂಬವನು ಕುಂಚದ ಒಂದು ತುದಿ ಹಿಡಿದು ನಿಂತ. ಎದುರು ತುದಿಗೆ ಬೇಕೆಂದೇ ಯಾರೂ ನಿಲ್ಲಲಿಲ್ಲ.

"ಡೇಯ್ ರಂಗಾ! ಆ ಕಡೆ ಆಳಿಲ್ಲ ಡಾ. ಗಂಜಿ ಒಣಗ್ತೈತೆ, ಬ್ಯಾಗ ಬಾ!"

ಪೂರ್ವ ಕೆಂಪಾಗುತ್ತಿತ್ತು. ಚೌಡಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ನೂಲು ಕೆಡುವುದನ್ನು ನೇಕಾರನ ಮಗ ನೋಡಿಕೊಂಡಿರಲಾರ. ರಂಗ ಬಂದ, ಕುಂಚ ಹಿಡಿದ.

ಎರಡು ಸಲ ಹೋಗಿ ಬರುವಷ್ಟರಲ್ಲಿ ಒಬ್ಬ ಪೊಲೀಸಿನವನು ಬಂದ. ರಂಗನ ಕೈ ನಿಂತಿತು.

"ಅಲ್ಲಿ ನೋಡ್‌ಬ್ಯಾಡ, ನನ್ ಕೈ ನೋಡು, ನಡಿ" ಎಂದ ಕಾಳಿಯಪ್ಪ.

ನಡೆದರು. ಪೊಲೀಸಿನವನಿಗೆ ಆಚೆ ಬದಿಗೆ ಹೋಗಬೇಕಿತ್ತು. ನೂಲಿನೆದುರು ನಿಂತ, ನೋಡಿದ. ಅವನೂ ಈ ಊರಿನವನೇ ಇರಬೇಕು. ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತುದಿಯವರೆಗೆ ನಡೆದು ಸುತ್ತಿಕೊಂಡು ಹೋದ.

"ಪೊಲೀಸೂ ಸುತ್ತಿ ಹೋದ್ನಲ್ಲ ಡಾ!" ಎಂದ ರಂಗ, ನಕ್ಕ. ಚೌಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆ ಹುಡುಗರ ಬಗ್ಗೆ ನನಗಾದ ಹೆಮ್ಮೆ ಹೇಳತೀರದು. ರಂಗ ಈಗಲೂ ಒಮ್ಮೊಮ್ಮೆ ಬೆಚ್ಚುತ್ತಾನೆ. ಎದುರಿನ ಕೈ ನೋಡಿಕೊಂಡು ನಡೆಯುತ್ತಾನೆ.

ಕಳೆದ ತಿಂಗಳು ತೌರಿಗೆ ಹೋಗಿದ್ದೆ. "ಹೊಡೆದಾಟದ ಊರು, ಇಲ್ಲೇ ಇದ್ದುಬಿಡೇ" ಎಂದಳು ಅಮ್ಮ. ಮರುದಿನ ಬೆಳಗ್ಗೆ ಬಾಗಿಲು ತೆಗೆದೆ. ಗುಡಿಸಿ ತೊಳೆದ ಅಗಲ ಬೀದಿ, ಹುಟ್ಟಿದಾಗಿನಿಂದ ಕಂಡದ್ದು.

"ಯಾಕೇ ಹೊಸಿಲಲ್ಲೇ ನಿಂತೆ?" ಎಂದಳು ಅಮ್ಮ.

ನೂಲು ಹಾಸಿದೆಯೇ ಎಂದು ನೋಡುತ್ತಿದ್ದೆ.