ಹದ್ದನ್ನು ಓಡಿಸಿದ ದೊಡ್ಡಪ್ಪ

ಇವತ್ತು ಬೆಳಿಗ್ಗೆ ಚನ್ನಪಟ್ಟಣದ ಬಸ್ಸಿನ ಕಿಟಕಿಯಿಂದ ಹುಚ್ಚೆಳ್ಳು ಹೊಲದ ಘಾಟು ಬಂತು. ಹೂ ಅರಳಿದ ದಿನವನ್ನು ಪ್ರತಿವರ್ಷ ದಿನಚರಿಯಲ್ಲಿ ಗುರುತು ಹಾಕುವವನು ನಾನು; ಮನೆಯಲ್ಲಿ ನನ್ನನ್ನು ಶಾನುಭೋಗ ಎಂದು ಕರೆಯುವುದು ಅದಕ್ಕೇ. ಈ ಸಲ ಪೆನ್ನಿಗೆ ಕೈ ಹೋಗಲಿಲ್ಲ. ದೊಡ್ಡಪ್ಪನ ನೆನಪಾಯಿತು.

ದಸರೆ ಮುಗಿದು ದೀಪಾವಳಿ ಬರುವ ನಡುವೆ ರಾಮನಗರದ ಬಂಡೆಗಳನ್ನು ನೀವು ನೋಡಬೇಕು. ಮಳೆ ತೊಳೆದ ಕಲ್ಲು, ಬುಡದಲ್ಲಿ ತಂಗಡಿ ಹೂವು, ಗುಂಪುಗುಂಪು ಚಿಟ್ಟೆ. ರಜೆಯಲ್ಲಿ ದೊಡ್ಡಪ್ಪನ ಜೊತೆ ದನ ಹೊಡೆದುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ನಾನು ಚಿಟ್ಟೆ ನೋಡುತ್ತಿದ್ದೆ, ಅವರು ಆಕಾಶ ನೋಡುತ್ತಿದ್ದರು. ಅವರ ಚಿಕ್ಕಂದಿನಲ್ಲಿ ಬೆಟ್ಟದ ತುಂಬ ರಣಹದ್ದುಗಳಿದ್ದವಂತೆ. ಸತ್ತ ದನವನ್ನು ಹಾಸುಬಂಡೆಯ ಮೇಲೆ ಹಾಕಿ ಬಂದರೆ ಸಂಜೆಯೊಳಗೆ ಮೂಳೆ ಮಾತ್ರ ಉಳಿಯುತ್ತಿತ್ತಂತೆ.

"ಮಣ್ಣಲ್ ಕೊಳೆಯೋ ಬದ್ಲು ಮೇಲಕ್ ಹೋಯ್ತದೆ ಕಣ್ಲಾ," ಎನ್ನುತ್ತಿದ್ದರು. ತಮ್ಮ ಮುದಿ ಹಸು ಗೌರಿಯನ್ನೂ ಹಾಗೇ ಕಳಿಸಬೇಕೆಂಬುದು ಅವರ ಆಸೆ.

ಎರಡು ವರ್ಷದ ಹಿಂದೆ, ಇದೇ ಹೂವಿನ ಕಾಲದಲ್ಲಿ, ಗೌರಿ ಕಾಲು ಮುರಿದುಕೊಂಡು ಮಲಗಿತು. ಅದರ ನರಳಾಟ ಕೇಳಲಾರದೆ ದೊಡ್ಡಪ್ಪ ಯಾರನ್ನೋ ಕರೆಸಿ ನೋವಿನ ಇಂಜೆಕ್ಷನ್ ಹಾಕಿಸಿದರು. ಮಾರನೆಯ ದಿನ ಹಸು ಸತ್ತಿತು. ಬಂಡೆಗೆ ಸಾಗಿಸಲು ಟ್ರ್ಯಾಕ್ಟರ್ ಬಂದು ನಿಂತಾಗ ಕೊಟ್ಟಿಗೆಯಲ್ಲಿ ಬಿದ್ದಿದ್ದ ಇಂಜೆಕ್ಷನ್ನಿನ ಖಾಲಿ ಸೀಸೆ ನನ್ನ ಕಣ್ಣಿಗೆ ಬಿತ್ತು. ಆ ಔಷಧ ಮಾಂಸದಲ್ಲಿ ಉಳಿಯುತ್ತದೆ, ತಿಂದ ರಣಹದ್ದು ಸಾಯುತ್ತದೆ ಎಂದು ಓದಿದ್ದೆ. ಹೇಳಿದೆ.

ದೊಡ್ಡಪ್ಪ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನೋವ್ ಒಸಿ ಕಮ್ಮಿ ಆಗ್ಲಿ ಅಂತ ಹಾಕಿಸ್ದೆ ಕಣ್ಲಾ," ಎಂದರಷ್ಟೆ. ಆಮೇಲೆ ಗುದ್ದಲಿ ಎತ್ತಿಕೊಂಡರು.

ಪಕ್ಕದ ಹೊಲದ ಸಿದ್ದಣ್ಣ ಬದುವಿನ ಮೇಲಿಂದ ಕೂಗಿದ: "ಏನ್ ಗೌಡ್ರೇ, ಹಸೂಗೂ ಗುಂಡಿನಾ? ತಿಥಿ ಊಟಕ್ ಯಾವಾಗ್ ಬರ್ಲಿ?"

"ಬಂದು ಒಸಿ ಮಣ್ ಎಳೀಲಾ, ಆಮೇಲ್ ಉಣ್ಣೀವಂತೆ."

ಸಿದ್ದಣ್ಣ ನಗುತ್ತಲೇ ಬಂದ. ದೊಡ್ಡಪ್ಪನ ಮುಖ ನೋಡಿ ಮಣ್ಣು ತುಂಬುವ ಮಂಕರಿ ಹಿಡಿದ.

ಗುಂಡಿ ಅರ್ಧ ಆಗಿತ್ತು. ನೆಲದ ಮೇಲೆ ನೆರಳೊಂದು ಸರಿಯಿತು. ತಲೆ ಎತ್ತಿದರೆ ಅಗಲ ರೆಕ್ಕೆಯ ಒಂದೇ ಒಂದು ರಣಹದ್ದು, ಬೆಟ್ಟದ ಕಡೆಯಿಂದ ಬಂದು ನಿಧಾನ ಸುತ್ತುತ್ತಿತ್ತು. ಇಷ್ಟು ವರ್ಷ ಅವರು ಕಾದದ್ದು ಅದಕ್ಕೇ. ದೊಡ್ಡಪ್ಪ ಹೆಗಲ ಟವೆಲ್ ಎಳೆದು ಬೀಸತೊಡಗಿದರು.

"ಹೋಗು! ಬರ್ಬ್ಯಾಡ! ದೂರ ಹೋಗವ್ವಾ!"

ಅದು ಬಂಡೆಯಾಚೆ ಮರೆಯಾದ ಮೇಲೂ ಬೀಸುತ್ತಲೇ ಇದ್ದರು.

ದೊಡ್ಡಪ್ಪ ಈಗ ದನ ಕಟ್ಟುವುದಿಲ್ಲ, ಬೆಟ್ಟದ ಕಡೆ ಹೋಗುವುದೂ ಇಲ್ಲ. ಬಸ್ಸು ಬಂಡೆಗಳ ಪಕ್ಕ ಹಾದಾಗ ನಾನು ಬಗ್ಗಿ ಆಕಾಶ ನೋಡಿದೆ. ಒಂದು ರೆಕ್ಕೆಯೂ ಇರಲಿಲ್ಲ. ಸದ್ಯ, ವಿಷ ತಿನ್ನಲು ಯಾವುದೂ ಬಂದಿಲ್ಲ, ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ, ಊರು ಬರುವವರೆಗೂ ಮತ್ತೆ ತಲೆ ಎತ್ತಲಾಗಲಿಲ್ಲ.