ಉಡಿ ತುಂಬಿಸಿಕೊಂಡ ಊರು

ನಮ್ಮ ಯಜಮಾನರು ವಿಧಾನಸಭೆ ಚುನಾವಣೆಗೆ ನಿಂತ ವರ್ಷ ನಮ್ಮ ಮನೆಯಲ್ಲಿ ಬಂದವರಿಗೆ ಚಹಾ ಕೊಡುವುದು ನಿಂತುಹೋಯಿತು. ಹಾನಗಲ್ಲಿನಂಥ ಊರಿನಲ್ಲಿ, ಅದೂ ವಕೀಲರ ಮನೆಯಲ್ಲಿ, ಬಂದವರನ್ನು ಬರೀ ನೀರು ಕುಡಿಸಿ ಕಳಿಸುವುದೆಂದರೆ ಏನೆಂದು ಸಂಸಾರ ಮಾಡಿದ ಹೆಂಗಸರಿಗೆ ಗೊತ್ತು. “ವೋಟು ಮುಗಿಯೂ ತನಕ ಈ ಮನಿಯಿಂದ ಒಂದು ಕಡ್ಡಿ ಸೈತ ಯಾರ ಕೈಗೂ ಹೋಗಬಾರದು ನೋಡು” ಎಂದು ಇವರು ಹೇಳಿಬಿಟ್ಟಿದ್ದರು. ಸವಣೂರಿನಿಂದ ತರಿಸಿದ್ದ ಖಾರದ ತಿಂಡಿಯ ಡಬ್ಬಿಯನ್ನು ನಾನು ಅಟ್ಟಕ್ಕೆ ಏರಿಸಿದೆ. ಪಡಸಾಲೆಯಲ್ಲಿ ಮಂದಿ ಕುಳಿತಿದ್ದರೆ ನಾಚಿಕೆಗೆ ಅಡುಗೆಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ.

ಇವರು ರಾಜಕೀಯಕ್ಕೆ ಬಂದದ್ದೇ ಒಂದು ಕೆರೆಯಿಂದ. ತಿಳವಳ್ಳಿಯಿಂದಾಚೆ ಒಂದು ಸಣ್ಣ ಊರು, ಹೆಸರು ಬೇಡ. ಆ ಊರಿನ ಕೆರೆಯನ್ನು ಉಳ್ಳವರು ಒಂದು ಮಗ್ಗುಲಿಂದ ಒತ್ತಿಕೊಂಡು ಗೋವಿನಜೋಳ ಬಿತ್ತುತ್ತ ಬಂದಿದ್ದರು. ಊರವರು ಇವರ ಹತ್ತಿರ ಬಂದರು. ಇವರು ಕೇಸು ಗೆದ್ದು, ಸರ್ವೆ ಮಾಡಿಸಿ, ಸುತ್ತಲೂ ಗಡಿಕಲ್ಲು ನೆಡಿಸಿದರು. ಮಳೆಗಾಲ ಕಳೆಯುವುದರೊಳಗೆ ಕಲ್ಲು ಮಾಯ. ಮತ್ತೆ ನೆಡಿಸಿದರು, ಮತ್ತೆ ಮಾಯ. ಅಧಿಕಾರಿಗಳನ್ನು ಕೇಳಿದರೆ ಅವರು ಮೇಲಿನವರ ಮುಖ ನೋಡುತ್ತಿದ್ದರು. ಆ ಮೇಲಿನವರನ್ನು ಗೆಲ್ಲಿಸಿದ್ದು ಕೆರೆ ನುಂಗಿದವರ ದುಡ್ಡು. ಒಂದು ದಿನ ಊಟಕ್ಕೆ ಕುಳಿತಾಗ ಇವರು ತಟ್ಟೆಯಲ್ಲಿ ಕೈಯಿಟ್ಟುಕೊಂಡೇ, “ಕೆರಿ ಉಳೀಬೇಕಂದ್ರ ಮೊದಲ ವೋಟು ಉಳೀಬೇಕು” ಎಂದರು. ನಾನು, “ಮೊದಲ ರೊಟ್ಟಿ ಆರೂದರೊಳಗ ಉಣ್ರಿ” ಎಂದೆ.

ಅಂದಿನಿಂದ ಇವರಿಗೆ ಕೆರೆ ಬೇರೆ ಅಲ್ಲ, ಚುನಾವಣೆ ಬೇರೆ ಅಲ್ಲ. ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಕರೆದಲ್ಲೆಲ್ಲ ಹೋದರು. ಮಾಸೂರಿನ ಮದಗದ ಕೆರೆಯ ಏರಿಯ ಮೇಲೆ ಮಂದಿಯನ್ನು ನಿಲ್ಲಿಸಿಕೊಂಡು ನೀರಿನ ಮಾತು ಶುರು ಮಾಡಿ ವೋಟಿನ ಮಾತಿಗೆ ಮುಗಿಸುತ್ತಿದ್ದರು. ರಟ್ಟಿನಲ್ಲಿ ಒಂದು ಮತಯಂತ್ರ ಮಾಡಿಕೊಂಡು ಹಳ್ಳಿಗಳಿಗೆ ಒಯ್ದು, “ಯಾರೂ ಮನಸ್ಸಿಗೆ ಬರಲಿಲ್ಲಂದ್ರ ಈ ಕಡೀ ಗುಂಡಿ ಒತ್ರಿ, ಆದರ ರೊಕ್ಕ ತಗೊಂಡು ಮಾತ್ರ ಯಾವ ಗುಂಡೀನೂ ಒತ್ತಬ್ಯಾಡ್ರಿ” ಎನ್ನುತ್ತಿದ್ದರು. ಒಂದು ಅವಧಿ ಜಿಲ್ಲಾ ಪಂಚಾಯತಿಯಲ್ಲಿದ್ದರು. ಆಮೇಲೆ ಯಾವ ಪಕ್ಷದ ಹಂಗೂ ಬೇಡವೆಂದು ವಿಧಾನಸಭೆಗೆ ನಿಂತರು. ಫ್ಲೆಕ್ಸ್ ಮಣ್ಣಿನಲ್ಲಿ ಕೊಳೆಯುವುದಿಲ್ಲವೆಂದು ಬಟ್ಟೆಯ ಬ್ಯಾನರೇ ಆಗಬೇಕಾಯಿತು. ನನ್ನ ಹಳೆಯ ಬೆಡ್‌ಶೀಟುಗಳೆಲ್ಲ ಪ್ರಚಾರಕ್ಕೆ ಹೋದವು. ಎದುರಿನವರು ಸೀರೆ ಹಂಚುತ್ತಿದ್ದಾರೆಂದು ತಹಶೀಲ್ದಾರ ಕಚೇರಿಗೆ ಹೋಗಿ ದೂರನ್ನೂ ಕೊಟ್ಟು ಬಂದರು.

ಅದೇ ವಾರ ಆ ಕೆರೆಯ ಊರಿನಿಂದ ನಾಲ್ಕೈದು ಮಂದಿ ಹೆಂಗಸರು ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಇವರು ಪ್ರಚಾರಕ್ಕೆ ಹೋಗಿದ್ದರು. “ಸಾಹೇಬ್ರಿಗೆ ಹೇಳ್ರಿ ಅಕ್ಕಾರ, ನಮ್ಮೂರಿನ ಒಂದು ವೋಟೂ ಹೊರಗ ಹೋಗೂದಿಲ್ಲ” ಎಂದು ಹೇಳುವುದಕ್ಕೇ ಅಷ್ಟು ದೂರ ಬಂದಿದ್ದರು. ಅವರಲ್ಲಿ ಒಬ್ಬಳು ಚೊಚ್ಚಲ ಬಸುರಿ. ಬಸುರಿ ಹೆಂಗಸು ಮೊದಲ ಸಲ ಮನೆಗೆ ಬಂದಿದ್ದಾಳೆ, ಬರೀ ಕುಂಕುಮ ಹಚ್ಚಿ ಬರಿ ಉಡಿಯಲ್ಲಿ ಕಳಿಸುವುದು ಹೇಗೆ? ನಮ್ಮ ಅತ್ತೆ ಇದ್ದಿದ್ದರೆ ನನ್ನ ಮರ್ಯಾದೆ ತೆಗೆಯುತ್ತಿದ್ದರು. ಚುನಾವಣೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಇದು ಕೊಡುವುದಲ್ಲ, ಪದ್ಧತಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ ಅಡಿಕೆ ಹಾಕಿ, ಮೇಲೊಂದು ರವಿಕೆ ಬಟ್ಟೆಯ ಖಣ ಇಟ್ಟು ಉಡಿ ತುಂಬಿದೆ. ಒಬ್ಬಳಿಗೆ ತುಂಬಿ ಉಳಿದವರನ್ನು ನೋಡುತ್ತ ಕೂಡಿಸಲಾಗುತ್ತದೆಯೇ? ಎಲ್ಲರಿಗೂ ತುಂಬಿದೆ. ಮಗಳ ಮದುವೆಯಲ್ಲಿ ಉಳಿದ ಖಣಗಳು ಟ್ರಂಕಿನಲ್ಲಿದ್ದವು.

ಇಷ್ಟಕ್ಕೇ ನಿಂತಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮರುದಿನ ಅದೇ ಊರಿನಿಂದ ಟೆಂಪೊ ತುಂಬ ಹೆಂಗಸರು ಬಂದಿಳಿದರು. ವಕೀಲರ ಹೆಂಡತಿ ಅಷ್ಟು ಪ್ರೀತಿಯಿಂದ ಉಡಿ ತುಂಬಿದರಂತೆ, ನಾವೂ ಕುಂಕುಮ ಹಚ್ಚಿಸಿಕೊಂಡು ಬರೋಣ ಎಂದು ಬಂದವರು. ಟ್ರಂಕು ಬರಿದಾಗಿತ್ತು. ಅವರನ್ನು ಕೂಡಿಸಿ, ಹಿಂದಿನ ಬಾಗಿಲಿನಿಂದ ಪೇಟೆಗೆ ಹೋಗಿ ನಾನೇ ಖಣ ತಂದೆ. ದಾರಿಯಲ್ಲಿ ನನ್ನ ಮನಸ್ಸಿನಲ್ಲಿ ಪದ್ಧತಿ ಇರಲಿಲ್ಲ. ಗೆದ್ದರೆ ಈ ಮನುಷ್ಯನ ಜೀವಕ್ಕೆ ಒಂದಿಷ್ಟು ನೆಮ್ಮದಿ ಸಿಕ್ಕೀತು, ಇಷ್ಟು ಮನೆಗಳ ಹೆಂಗಸರು ಸಂತೋಷದಿಂದ ಹೋದರೆ ಒಳ್ಳೆಯದೇ ಆಯಿತಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಎಷ್ಟೋ ವರ್ಷ ಎಲೆಕ್ಷನ್ನಿನ ಭಾಷಣ ಕೇಳಿದ ಕಿವಿ ಇವು. ಲೆಕ್ಕ ಏನೆಂದು ನನಗೆ ಚೆನ್ನಾಗಿ ತಿಳಿದಿತ್ತು.

ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದಿದ್ದರು. ನಮ್ಮ ಪಡಸಾಲೆ, ಸಾಲಾಗಿ ಕುಳಿತ ಹೆಂಗಸರು, ತಟ್ಟೆ ಹಿಡಿದ ನಾನು. ಮರುದಿನ ಮುಂಜಾನೆ ಅದು ತಾಲ್ಲೂಕಿನ ತುಂಬ ಓಡಾಡಿತು. ಇವರು ಫೋಟೊ ನೋಡಿ, ಫೋನು ಕೆಳಗಿಟ್ಟು ನನ್ನನ್ನು ಕರೆದರು. ನಾನು ಎಲ್ಲ ಹೇಳಿದೆ.

“ಮೊದಲನೇ ದಿನದ್ದು ತಿಳೀತು. ಬಸುರಿ ಇದ್ಲು, ತುಂಬಿದಿ. ನಿನ್ನೇದು?”

ನಾನು ಬರಿದಾದ ಟ್ರಂಕಿನ ಕಡೆ ನೋಡಿದೆ.

“ಚುನಾವಣಿ ಇರಲಿಲ್ಲಂದ್ರ ಪ್ಯಾಟಿಗೆ ಹೋಗಿ ಖಣ ತರ್ತಿದ್ದೇನು?”

ಅವರು ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡುತ್ತಿದ್ದೆ. ಬೈಯಲಿಲ್ಲ. ಅಂಗಿ ಹಾಕಿಕೊಂಡು ಹೊರಟರು. ಆ ಸಂಜೆ ತಿಳವಳ್ಳಿಯಲ್ಲಿ ಸಭೆ ಇತ್ತು. ಎದುರಿನವರು ಬಾಯಿ ತೆರೆಯುವ ಮೊದಲೇ ಇವರೇ ಮೈಕು ಹಿಡಿದು, “ನಮ್ಮ ಮನಿಯೊಳಗ ಹೆಣ್ಣುಮಕ್ಕಳಿಗೆ ಉಡಿ ತುಂಬ್ಯಾರ. ಅದು ಚುನಾವಣಿ ಹೊತ್ತಿನ್ಯಾಗ ಆಗಬಾರದಿತ್ತು. ತಪ್ಪು ನಂದು. ಯಾರ್ಯಾರ ಮನಿಗೆ ಆ ಉಡಿ ಹೋಗೇತಿ, ಅವರು ದಯಮಾಡಿ ನನಗ ವೋಟು ಹಾಕಬ್ಯಾಡ್ರಿ” ಎಂದರು. ಹಿಂದೆ ನಿಂತವರು ಕೇಕೆ ಹಾಕಿ ನಕ್ಕರಂತೆ. ಅವತ್ತಿನಿಂದ ಇವರಿಗೆ ‘ಉಡಿ ವಕೀಲರು’ ಎಂಬ ಹೆಸರು ಬಿತ್ತು. ಇವತ್ತಿಗೂ ಸಂತೆಯಲ್ಲಿ ನನ್ನ ಬೆನ್ನ ಹಿಂದೆ ಅದು ಕೇಳಿಸುತ್ತದೆ, ತಿರುಗಿ ನೋಡದೆ ಚೀಲ ಬಿಗಿಹಿಡಿದು ನಡೆಯುತ್ತೇನೆ.

ಇವರು ಸೋತರು, ಅದೂ ದೊಡ್ಡ ಅಂತರದಿಂದ. ಸೋಲು ಮೊದಲೇ ಗೊತ್ತಿದ್ದದ್ದು, ಅದಕ್ಕೆ ಇಬ್ಬರೂ ಅಳಲಿಲ್ಲ. ಆದರೆ ಎಣಿಕೆಯ ದಿನ ಆ ಕೆರೆಯ ಊರಿನ ಮತಗಟ್ಟೆ ಬಂದಾಗ ಇವರ ಹೆಸರಿನ ಮುಂದೆ ಏನೇನೂ ಇರಲಿಲ್ಲ. ಎದುರಿನವರಿಗೂ ಹೆಚ್ಚು ಬಿದ್ದಿರಲಿಲ್ಲ. ಊರಿಗೆ ಊರೇ ಕಡೆಯ ಗುಂಡಿ ಒತ್ತಿತ್ತು, ‘ಮೇಲಿನ ಯಾರೂ ಅಲ್ಲ’ ಎನ್ನುವ ನೋಟಾ ಗುಂಡಿ. ಇವರು ಮನೆಗೆ ಬಂದು ಚಪ್ಪಲಿ ಬಿಟ್ಟು, “ಬ್ಯಾರೇದವರಿಗೆ ಹಾಕಿದ್ರ ರೊಕ್ಕಕ್ಕ ಹಾಕ್ಯಾರ ಅನ್ನಬಹುದಿತ್ತು. ನನಗಿಂತ ಯಾರೂ ಇಲ್ಲದಿದ್ರ ಛಲೋ ಅಂದ್ರಲ್ಲ” ಎಂದರು.

ಆಮೇಲೆ ಇವರು ಯಾವ ಚುನಾವಣೆಗೂ ನಿಲ್ಲಲಿಲ್ಲ. ಭಾಷಣಕ್ಕೆ ಕರೆದರೆ ಈಗಲೂ ಹೋಗುತ್ತಾರೆ, ಅರ್ಜಿ ಬರೆಯುತ್ತಾರೆ. ಹಿರೇಕೆರೂರಿಗೆ ಹೋದರೆ ಮದಗದ ಕೆರೆಯ ಮಾತಾಡುತ್ತಾರೆ. ಆ ಸಣ್ಣ ಊರಿನ ಕೆರೆಯ ಮಾತು ಮಾತ್ರ ಇಲ್ಲ. ತಿಳವಳ್ಳಿ ಕಡೆಯ ಬಸ್ಸನ್ನೇ ಹತ್ತುವುದಿಲ್ಲ. ಹಚ್ಚಿದ ಗಿಡಕ್ಕೆ ನೀರು ಹಾಕುವುದನ್ನು ಒಂದು ದಿನವೂ ತಪ್ಪಿಸದ ಮನುಷ್ಯ, ಗಡಿಕಲ್ಲು ಇದೆಯೋ ಇಲ್ಲವೋ ಎಂದು ಕೇಳುವುದನ್ನೇ ಬಿಟ್ಟರು. ಊರವರು ಫೋಟೊ ನೋಡಿ ಇವರನ್ನು ಕಪಟಿ ಎಂದುಕೊಂಡರು, ಅದಕ್ಕೇ ಕೈಬಿಟ್ಟರು ಎಂದು ನಾನು ತಿಳಿದಿದ್ದೆ. ಅಂದರೆ ಆ ಕೆರೆಯಿಂದ ಇವರನ್ನು ಬಿಡಿಸಿದವಳು ನಾನು.

ಈ ಸಲ ಸವಣೂರಿಗೆ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ತಿರುಗಿ ಬರುವಾಗ ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ, ಸವಣೂರಿನ ವೀಳ್ಯದೆಲೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹಾನಗಲ್ಲ ಬಸ್ಸಿಗೆ ಕಾಯುತ್ತಿದ್ದೆ. ಒಬ್ಬಳು ಬಂದು ಮುಖ ನೋಡಿ, “ವಕೀಲ ಸಾಹೇಬ್ರ ಮನಿಯವ್ರಲ್ಲೇನ್ರಿ?” ಎಂದು ಕಾಲು ಮುಟ್ಟಿದಳು. ಅವತ್ತಿನ ಬಸುರಿ. ಹೆಣ್ಣು ಹುಟ್ಟಿತೆಂದೂ, ಈಗ ಶಾಲೆಗೆ ಹೋಗುತ್ತಾಳೆಂದೂ ಹೇಳಿದಳು. ನನಗೆ ಎದ್ದು ಹೋಗಬೇಕೆನ್ನಿಸಿತು. ಅವಳೇ ಪಕ್ಕದಲ್ಲಿ ಕುಳಿತು ಶುರು ಮಾಡಿದಳು.

“ಸಾಹೇಬ್ರು ನಮ್ಮೂರಿಗೆ ಬರೂದ ಬಿಟ್ರಲ್ರಿ ಅಕ್ಕಾರ. ನಾವೇನ ತಪ್ಪ ಮಾಡೇವಂತ ಊರಾನ ಮಂದಿ ಇನ್ನೂ ಮಾತಾಡ್ತಾರ.”

“ನೀವು ಅವರಿಗೆ ವೋಟು ಹಾಕಲಿಲ್ಲಲ್ಲವ್ವಾ” ಎಂದೆ. ಬಾಯಿಂದ ಬಂದೇಬಿಟ್ಟಿತು.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಹೆಂಗ ಹಾಕೂದ್ರಿ? ಉಡಿ ತುಂಬಿಸಿಕೊಂಡವರು ಹಾಕಬ್ಯಾಡ್ರಿ ಅಂತ ಸಾಹೇಬ್ರ ಹೇಳಿದ್ರಲ್ಲ. ನಮ್ಮೂರಾಗ ನಿಮ್ಮ ಉಡಿ ಬರಲಾರದ ಮನಿ ಯಾವುದೈತ್ರಿ? ಹಿರ್ಯಾರು ಗುಡಿ ಕಟ್ಟಿಮ್ಯಾಲೆ ಕುಂತು ವಿಚಾರ ಮಾಡಿದ್ರು. ಸಾಹೇಬ್ರಿಗೆ ಹಾಕಿದ್ರ ಅವರ ಮಾತು ಮೀರಿದಂಗ, ಬ್ಯಾರೇದವರಿಗೆ ಹಾಕಾಕ ನಮಗ ಮನಸ್ಸಿಲ್ಲ. ಅದಕ್ಕ ಅವರು ತೋರಿಸಿದ ಕಡೀ ಗುಂಡೀನ ಒತ್ತಿದ್ವಿ. ನನ್ನ ಗಂಡ ಒತ್ತಿ ಬಂದು ಅತ್ತಾನ ನೋಡ್ರಿ.”

ಬಸ್ಸು ಬಂತು. ಅವಳು ಬೇರೆ ಕಡೆ ಹೊರಟಿದ್ದಳು. ಎಲೆಯ ಕಟ್ಟಿನಲ್ಲಿ ಅರ್ಧ ತೆಗೆದು ಅವಳ ಕೈಗಿಟ್ಟೆನೋ ಇಲ್ಲವೋ ನೆನಪಿಲ್ಲ. ಕಿಟಕಿಯ ಪಕ್ಕ ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಹಾನಗಲ್ಲಿನವರೆಗೂ ಬಂದೆ. ಇಷ್ಟು ವರ್ಷ ಇವರು ಊರೂರು ತಿರುಗಿ ಹೇಳಿದ ಮಾತನ್ನು ಅಕ್ಷರಶಃ ನಡೆಸಿಕೊಟ್ಟದ್ದು ಅದೊಂದೇ ಊರು. ಆ ಊರನ್ನೇ ಇವರು ದೂರ ಮಾಡಿದ್ದರು, ನಾನು ಪೇಟೆಗೆ ಹೋಗಿ ತಂದ ಖಣಗಳಿಂದ.

ಮನೆಗೆ ಬಂದಾಗ ಇವರು ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ನಾನು ಚೀಲವನ್ನೂ ಇಳಿಸದೆ, ನಿಂತಲ್ಲೇ ಎಲ್ಲ ಹೇಳಿದೆ. ಇವರ ಕೈಯಲ್ಲಿದ್ದ ಕೊಡ ಬಗ್ಗಿದಂತೇ ಇತ್ತು, ನೀರೆಲ್ಲ ಒಂದೇ ಗಿಡದ ಬುಡಕ್ಕೆ ಹೋಗಿ ಹೊರಗೆ ಹರಿಯಿತು. ಬೈಯುತ್ತಾರೆಂದು ಕಾದೆ. ಈ ಸಲವಾದರೂ ಬೈಯಲಿ ಎಂದು ಕಾದೆ.

“ನನ್ನ ಮಾತು ಕೇಳಿದ್ರು ಅನ್ನು” ಎಂದರು. ಕೊಡವನ್ನು ಕೆಳಗಿಟ್ಟು, ಒದ್ದೆ ಕೈಯಿಂದಲೇ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದರು.

“ಮತ್ತ, ಕೆರಿ ಹೆಂಗೈತಂತ?”

ಅದನ್ನು ನಾನು ಅವಳನ್ನು ಕೇಳಿರಲಿಲ್ಲ.