ಹೊರಗಿನ ಮೆಟ್ಟಿಲು

ಕೊರೊನಾ ಹಾವಳಿ ಮುಗಿದ ಮರುವರ್ಷದ ಮಾತು. ಪುಣೆಯಲ್ಲಿ ಆರ್ಕಿಟೆಕ್ಟ್ ಆಗಿ ನನಗಾಗ ಇಪ್ಪತ್ತೊಂಬತ್ತು ವರ್ಷಗಳ ಅನುಭವ. ಧನಕವಡಿಯಲ್ಲಿ ಎರಡು ಮೇಜಿನ ಸ್ವಂತ ಆಫೀಸು. ಅಲ್ಲಿಂದ ಹತ್ತು ನಿಮಿಷ ನಡೆದರೆ ನಮ್ಮ ಕನ್ನಡ ಸಂಘದ ಕಟ್ಟಡ. ಕೆಳಗೊಂದು ಹಾಲ್, ಪಕ್ಕದಲ್ಲಿ ಕಚೇರಿ, ಅಷ್ಟೇ. ಅದರ ಮೇಲೆ ಒಂದು ಅಂತಸ್ತು ಏರಿಸಿ ಮಕ್ಕಳಿಗೂ ಹದಿಹರೆಯದವರಿಗೂ ಒಂದು ಕೇಂದ್ರ ಮಾಡಬೇಕೆಂದು ಸಂಘ ನಿರ್ಧರಿಸಿ, ನಕ್ಷೆಯ ಕೆಲಸವನ್ನು ನನಗೆ ವಹಿಸಿತು. ಕಾರ್ಖಾನೆಗಳ ನಕ್ಷೆ ಮಾಡಿದವನಿಗೆ ಇದೇನು ಮಹಾ ಎಂದುಕೊಂಡೆ. ಆ ಒಂದು ಅಂತಸ್ತು ನನ್ನನ್ನು ಹದಿನೆಂಟು ತಿಂಗಳು ಅರೆಯಿತು.

ಮೊದಲು ಮಕ್ಕಳನ್ನೇ ಕೇಳೋಣವೆಂದು ಒಂದು ಶನಿವಾರ ಹದಿಮೂರು ಜನರನ್ನು ಹಾಲ್‌ನಲ್ಲಿ ಕೂರಿಸಿಕೊಂಡೆ. ಕೇರಂ, ಟೇಬಲ್ ಟೆನಿಸ್, ವೈಫೈ ಎಂದು ಪಟ್ಟಿ ಬೆಳೆಯಿತು. ಕೊನೆಗೆ ಮಾತಾಡಿದವಳು ಶ್ರೇಯಾ, ಆಗ ಎಂಟನೇ ತರಗತಿ. ಅವಳ ತಂದೆ ವಿಜಯಪುರದ ಕಡೆಯವರು, ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಎರಡು ಕೋಣೆ, ಆರು ಜನ, ಇಡೀ ದಿನ ಟಿವಿ.

“ಕಾಕಾ, ನಮಗ ಓದಾಕ ಒಂದ್ ಜಾಗಾ ಬೇಕ್ರಿ. ಆದ್ರ ಹಾಲ್ ದಾಟಿ ಹೋಗೂದು ಬ್ಯಾಡ. ರವಿವಾರ ಅಲ್ಲಿ ಮುಂಜಿ, ಬಾರಸಾ ಇದ್ದ ಇರ್ತಾವ. ಹೊರಗಿಂದನ ಒಂದ್ ಜಿನಾ ಮಾಡ್ರಿ,” ಎಂದಳು.

ಬಾರಸಾ ಎಂದರೆ ನಾಮಕರಣ, ಜಿನಾ ಎಂದರೆ ಮೆಟ್ಟಿಲು. ಪುಣೆಯ ಮಕ್ಕಳ ಕನ್ನಡದಲ್ಲಿ ಮರಾಠಿ ಹೀಗೆ ಸಲೀಸಾಗಿ ಬರುತ್ತದೆ. ನಮ್ಮ ವೃತ್ತಿಯಲ್ಲಿ ಸರ್ಕ್ಯುಲೇಶನ್ ಎಂಬ ಮಾತಿದೆ. ಕಟ್ಟಡದೊಳಗೆ ಯಾರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಾರೆ ಎಂಬ ವಿಚಾರ. ನಾನು ಕಾಲೇಜಿನಲ್ಲಿ ಐದು ವರ್ಷ ಓದಿ ಕಲಿತದ್ದನ್ನು ಆ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದ್ದಳು. ಮೇಲೆ ಇಪ್ಪತ್ತನಾಲ್ಕು ಅಡಿಗೆ ಹದಿನೆಂಟು ಅಡಿಯ ಓದುವ ಕೋಣೆ, ಚಿಕ್ಕಮಕ್ಕಳಿಗೆ ಆಟದ ಕೋಣೆ, ಅಂಗಳದಿಂದ ನೇರವಾಗಿ ಹತ್ತುವ ನಾಲ್ಕು ಅಡಿ ಅಗಲದ ಕಬ್ಬಿಣದ ಮೆಟ್ಟಿಲು: ಹೀಗೆ ನಕ್ಷೆ ಸಿದ್ಧವಾಯಿತು.

ಸಂಘದ ಅಧ್ಯಕ್ಷರು ಸದಾನಂದ ಶೆಟ್ಟರು, ಕುಂದಾಪುರದ ಕಡೆಯವರು, ಎರಡು ಹೋಟೆಲುಗಳ ಮಾಲೀಕರು. ಸಭೆಗೆ ಅವರ ಹೋಟೆಲಿನಿಂದಲೇ ಗೋಳಿಬಜೆ, ಕಾಫಿ. ನಕ್ಷೆ ಬಿಚ್ಚಿದರೆ ಎಲ್ಲರೂ ತಲೆಯಾಡಿಸುವವರೇ. ಚಂದ ಉಂಟು, ಭಾಳ ಛಲೋ ಆಗೇದ. ಮರುದಿನ ಬೆಳಿಗ್ಗೆ ಒಬ್ಬೊಬ್ಬರಾಗಿ ಫೋನು. ಒಬ್ಬರಿಗೆ ಕಿಟಕಿ ಚಿಕ್ಕದಾಗಬೇಕು. ಇನ್ನೊಬ್ಬರಿಗೆ ಓದುವ ಕೋಣೆಯಲ್ಲೇ ಸಂಘದ ಹಳೆಯ ಫಲಕಗಳನ್ನಿಡಲು ಗಾಜಿನ ಕಪಾಟು ಬೇಕು. ಮತ್ತೊಬ್ಬರಿಗೆ ಆಟದ ಕೋಣೆಯ ಮೂಲೆಯಲ್ಲಿ ಅಡುಗೆಯ ಹಂಡೆ, ಕೊಳಗ ಇಡಲು ಜಾಗ. ಎದುರಿಗೆ ಬಾಯಿ ಬಿಡದ ಹಿರಿಯರಿಗೆ ಫೋನಿನಲ್ಲಿ ಅಷ್ಟು ಮಾತು ಎಲ್ಲಿಂದ ಬರುತ್ತಿತ್ತೋ. ಏಳು ಸಲ ನಕ್ಷೆ ತಿದ್ದಿದೆ. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಮೆಟ್ಟಿಲನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಎಂಟನೇ ಸಭೆಗೆ, ಮಕ್ಕಳ ಪರವಾಗಿ ಒಬ್ಬರಾದರೂ ಇರಲಿ ಎಂದು ನಾನೇ ಶ್ರೇಯಾಳನ್ನು ಕರೆಸಿದ್ದೆ. ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. ಅಂದು ಶೆಟ್ಟರು ಮೆಟ್ಟಿಲಿನ ಮೇಲೆ ಬೆರಳಿಟ್ಟರು.

“ಅಲ್ಲ ಮಾರಾಯ್ರೆ, ಮಕ್ಕಳು ಯಾವಾಗ ಬಂದರು, ಯಾರೊಟ್ಟಿಗೆ ಹೋದರು ಅಂತ ನಮಗೆ ಗೊತ್ತಾಗುವುದು ಬೇಡವಾ? ನಾಳೆ ಅಪ್ಪ ಅಮ್ಮ ಕೇಳುವುದು ನಮ್ಮನ್ನು.”

ಆ ಚಿಂತೆಯನ್ನು ನಾನು ತಳ್ಳಿಹಾಕಲಾರೆ. ಕಚೇರಿಯ ಗೋಡೆಗೆ ಕಿಟಕಿ ಇಟ್ಟರೆ ಮೆಟ್ಟಿಲು ಹತ್ತುವವರೆಲ್ಲ ಕಾಣುತ್ತಾರೆ ಎಂದು ತೋರಿಸಿದೆ. ಆಗ ಇನ್ನೊಬ್ಬರು ಮೆಲ್ಲಗೆ, ಅಂಗಳದಲ್ಲಿ ಮೂರು ಕಾರು ನಿಲ್ಲಿಸುವ ಜಾಗ ಹೋಗುತ್ತದಲ್ಲ ಎಂದರು. ಎಲ್ಲರ ತಲೆಯೂ ಒಟ್ಟಿಗೆ ಆಡಿತು. ನನಗೆ ಸಿಟ್ಟು ನೆತ್ತಿಗೇರಿತು, ಆದರೂ ನುಂಗಿಕೊಂಡೆ.

“ನೀವೇ ಹೇಳಿ,” ಎಂದರು ಶೆಟ್ಟರು. “ಮೆಟ್ಟಿಲು ಹಾಲ್‌ನ ಒಳಗಿಂದಲೇ ಇದ್ದರೆ ರೂಮಿಗೆ ಏನಾದರೂ ಕಡಿಮೆ ಆಗ್ತದಾ?”

ಆ ಅಳತೆಯ ಕಟ್ಟಡಕ್ಕೆ ಕಾನೂನಿನಲ್ಲಿ ಹೊರಗಿನ ಮೆಟ್ಟಿಲು ಕಡ್ಡಾಯವಿರಲಿಲ್ಲ. ಮಂಜೂರಾತಿಗೆ ನಕ್ಷೆ ಸಲ್ಲಿಸುವುದು ಆಗಲೇ ತಡವಾಗಿತ್ತು. ನಾನು ದಣಿದಿದ್ದೆ, ಒಮ್ಮೆ ಮುಗಿದರೆ ಸಾಕಾಗಿತ್ತು.

“ರೂಮಿಗೇನೂ ಕಡಿಮೆ ಆಗೂದಿಲ್ರಿ,” ಎಂದೆ.

ಅಳತೆಯ ಪ್ರಕಾರ ಅದು ನಿಜ. ಕಾಫಿ ಬರುವ ಮೊದಲೇ ಶ್ರೇಯಾ ಎದ್ದು, ಪಕ್ಕದಲ್ಲಿ ಹಾಯುವಾಗ ನನ್ನನ್ನೊಮ್ಮೆ ನೋಡಿ, ಹೊರಗೆ ಹೋದಳು.

ಕೇಂದ್ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ನನಗೆ ಶಾಲು ಹೊದಿಸಿದರು, ಫೋಟೊ ತೆಗೆದರು. ಮೊದಲ ವಾರ ಓದುವ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ ಎಂದು ಕೇಳಿ ನಾನು ನಿರಾಳವಾದೆ, ಬೇರೆ ಕೆಲಸಗಳಲ್ಲಿ ಮುಳುಗಿದೆ.

ಅಕ್ಟೋಬರಿನ ಒಂದು ರವಿವಾರ ಅದೇ ಹಾಲ್‌ನಲ್ಲಿ ಗೆಳೆಯರೊಬ್ಬರ ಮೊಮ್ಮಗಳ ನಾಮಕರಣ. ಮಧ್ಯಾಹ್ನ ಪಂಕ್ತಿಯಲ್ಲಿ ಕೂತಿದ್ದೆ. ಶ್ರೇಯಾ ಬಾಗಿಲಲ್ಲಿ ಕಾಣಿಸಿದಳು, ಹೆಗಲಿಗೆ ಚೀಲ. ಆಗ ಅವಳು ಹತ್ತನೇ ತರಗತಿ. ಎಲೆಗಳ ನಡುವೆ ಮೈ ಸಣ್ಣ ಮಾಡಿಕೊಂಡು ಒಳಮೆಟ್ಟಿಲಿನ ಕಡೆ ಹೊರಟಿದ್ದಳು. ಅರ್ಧ ಹಾಲ್ ದಾಟುವಷ್ಟರಲ್ಲಿ ಹಿರಿಯ ಹೆಂಗಸೊಬ್ಬರು, “ಬಾರವ್ವ, ಛಲೋ ವ್ಯಾಳ್ಯಾಕ ಬಂದಿ,” ಎಂದು ಚೀಲ ಇಳಿಸಿ ಕೈಗೆ ಸಾರಿನ ಪಾತ್ರೆ ಕೊಟ್ಟರು. ಸಾಲು ಹಿಡಿದು ಬಡಿಸುತ್ತ ಅವಳು ನನ್ನ ಎಲೆಯ ಮುಂದೆ ಬಂದು ನಿಂತಳು.

“ಓದಾಕ ಬಂದೀಯೇನವ್ವಾ?” ಎಂದೆ.

“ಇಲ್ರಿ ಕಾಕಾ. ಬಂದಾಗೊಮ್ಮೆ ಯಾರರ ಹಿಡದು ಕೆಲಸಕ್ಕ ಹಚ್ತಾರ. ಇಲ್ಲಾಂದ್ರ ಯಾರ ಮಗಳು, ಎಷ್ಟ್ ಮಾರ್ಕ್ಸ್ ಅಂತ ನಿಲ್ಲಿಸಿ ಕೇಳ್ತಾರ. ಬಾಕಿದವ್ರು ಬರೂದು ಬಿಟ್ಟು ಭಾಳ ದಿನಾ ಆತು. ನಾನೂ ಇವತ್ತ ನನ್ನ ಪುಸ್ತಕ ಒಯ್ಯಾಕ ಬಂದೀನ್ರಿ.” ಅವಳ ದನಿಯಲ್ಲಿ ದೂರಿರಲಿಲ್ಲ. “ಸಾರು ಹಾಕ್ಲೇನ್ರಿ?”

ಊಟದ ಶಾಸ್ತ್ರ ಮುಗಿಸಿ ಮೇಲೆ ಹೋಗಿ ನೋಡಿದೆ. ಕೋಣೆ ನಾನು ಬರೆದಂತೆಯೇ ಇತ್ತು, ಗಾಳಿ ಬೆಳಕು ಧಾರಾಳವಾಗಿತ್ತು. ಮೇಜುಗಳ ಮೇಲೆ ಹಾಲ್‌ನ ಹೆಚ್ಚುವರಿ ಕುರ್ಚಿಗಳನ್ನು ಒಟ್ಟಿದ್ದರು.

ಹೊರಗಿನ ಮೆಟ್ಟಿಲಿಗಾಗಿ ಆಮೇಲೆ ಎರಡು ಪತ್ರ ಬರೆದೆ, ಶುಲ್ಕ ಬೇಡವೆಂದೂ ತಿಳಿಸಿದೆ. ಮುಂದಿನ ಸಭೆಯಲ್ಲಿ ನೋಡೋಣ ಎಂಬ ಉತ್ತರ ಬಂತು. ಅವರ ಮೇಲೆ ನನಗೆ ಇನ್ನೂ ಕೋಪವಿದೆ. ಆದರೆ ಅಂತಿಮ ನಕ್ಷೆಗೆ ಸಹಿ ಹಾಕಿದವನು ನಾನು. ಯಾವ ಬದಲಾವಣೆಗೂ ತಲೆಯಾಡಿಸುವ ಮುನ್ನ, ಅದರಿಂದ ತೊಂದರೆಪಡುವವರನ್ನು ಕೇಳಬೇಕು ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು. ಅಂದಿನ ಸಭೆಯಲ್ಲಿ ಅದಕ್ಕಾಗಿ ದೂರ ಹೋಗಬೇಕಾಗಿಯೂ ಇರಲಿಲ್ಲ. ಶ್ರೇಯಾ ನನ್ನಿಂದ ಹತ್ತು ಅಡಿ ಹಿಂದೆ ಕೂತಿದ್ದಳು. ನಾನು ತಿರುಗಿ ನೋಡಲಿಲ್ಲ.